ಜೋಡುನಳಿಗೆ ಬಂದೂಕಿನ ಸವೆದ ಕೆತ್ತನೆ

ಹಳೆಯ ಬಂದೂಕಿನ ಜೀರ್ಣೋದ್ಧಾರವೆಂದರೆ ತುಕ್ಕನ್ನೆಲ್ಲ ಉಜ್ಜಿ ತೆಗೆದು, ನಳಿಗೆಗೆ ಹೊಸ ಕಪ್ಪು ಏರಿಸಿ, ಮರಕ್ಕೆ ವಾರ್ನಿಷ್ ಬಳಿದು, ಅದು ನಿನ್ನೆ ಮೊನ್ನೆ ಕಾರ್ಖಾನೆಯಿಂದ ಬಂದಂತೆ ಹೊಳೆಯುವ ಹಾಗೆ ಮಾಡುವುದೆಂಬ ಭಾವನೆ ವ್ಯಾಪಕವಾಗಿದೆ. ತೇವದಿಂದ ಹಾಳಾದ ಬಂದೂಕುಗಳಿಗಿಂತ ಈ ಭಾವನೆಯಿಂದ ಹಾಳಾದ ಬಂದೂಕುಗಳೇ ಹೆಚ್ಚೆಂದರೂ ತಪ್ಪಾಗಲಾರದು. ಏಕೆಂದರೆ ತುಕ್ಕು ಹತ್ತಾರು ವರ್ಷಗಳಲ್ಲಿ ತಿನ್ನುವಷ್ಟು ಲೋಹವನ್ನು ಎಮರಿ ಕಾಗದ ಹಿಡಿದ ಕೈ ಒಂದೇ ಮಧ್ಯಾಹ್ನದಲ್ಲಿ ತಿಂದುಬಿಡಬಲ್ಲದು, ಹಾಗೆ ಹೋದ ಲೋಹವನ್ನು ಮರಳಿ ತರುವ ವಿದ್ಯೆ ಯಾರಲ್ಲಿಯೂ ಇಲ್ಲ. ಎರಡು ಕೊಳವೆಗಳನ್ನು ಪಕ್ಕಪಕ್ಕಕ್ಕೆ ಬೆಸೆದು, ಬುಡದಲ್ಲಿ ಕೀಲಿನಿಂದ ಮಡಚಿ ತೋಟಾ ತುಂಬುವಂತೆ ಮಾಡಿದ, ಒಂದೇ ಗುಂಡಿಗೆ ಬದಲಾಗಿ ಸಣ್ಣ ಸೀಸದ ಚರೆಗಳನ್ನು ಹಾರಿಸುವ ಆಯುಧವೇ ಜೋಡುನಳಿಗೆ ಬಂದೂಕು. 19ನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್, ಬೆಲ್ಜಿಯಮ್ಮಿನ ಲಿಯೇಜ್ ನಗರಗಳಲ್ಲಿ ಇದು ಇಂದಿನ ರೂಪಕ್ಕೆ ಬಂದಿತು.

ಇಂಥ ಬಂದೂಕುಗಳು ಮನೆ ಸೇರಿದ ಕೋಲಾರದ ಚಿನ್ನದ ಗಣಿ ಬೆಳೆದದ್ದೂ ಇದೇ ಕಾಲದಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಗೆ ಕೈಹಾಕಿದ ಮೇಲೆ ಕಾರ್ನ್‌ವಾಲಿನ ಗಣಿ ಕೆಲಸಗಾರರೂ ಬ್ರಿಟಿಷ್ ಎಂಜಿನಿಯರರೂ ಇಲ್ಲಿ ನೆಲೆಸಿದರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಬಂಗಲೆ, ಕ್ಲಬ್ಬು, ಇಗರ್ಜಿಗಳ ಈ ಊರಿಗೆ ತನ್ನದೇ ಆದ ಸ್ವಯಂಸೇವಕ ರೈಫಲ್ ಪಡೆಯೂ ಇತ್ತು, ಶಿಕಾರಿಯಂತೂ ಆ ಕಾಲದ ಅಧಿಕಾರಿ ವರ್ಗದ ವಿರಾಮದ ಒಂದು ಅಂಗವೇ ಆಗಿತ್ತು. ಅಂಥ ಮನೆಗಳ ಬಂದೂಕುಗಳಲ್ಲಿ ಎರಡು ನಳಿಗೆಗಳ ನಡುವಣ ಪಟ್ಟಿಯ ಮೇಲೆ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಅಥವಾ ಕಲ್ಕತ್ತೆಯ ಮ್ಯಾಂಟನ್ ಮುಂತಾದ ಹೆಸರು ಕಂಡರೆ ಅದನ್ನು ತಯಾರಿಸಿದವರ ಹೆಸರೆಂದು ಕೂಡಲೇ ನಂಬಬಾರದು. ಹಲವು ಸಲ ಅದು ಮಾರಿದ ಅಂಗಡಿಯ ಹೆಸರು, ಬಂದೂಕು ಹುಟ್ಟಿದ್ದು ಬರ್ಮಿಂಗ್‌ಹ್ಯಾಮಿನ ಯಾವುದೋ ಕಾರ್ಖಾನೆಯಲ್ಲಿ.

ನಿಜವಾದ ಜಾತಕವಿರುವುದು ನಳಿಗೆಗಳ ಅಡಿಯಲ್ಲಿ, ಮಡಚಿದಾಗ ಮಾತ್ರ ಕಾಣುವ ಚಪ್ಪಟೆ ಜಾಗದಲ್ಲಿ. ಬಂದೂಕನ್ನು ಮಾರುವ ಮೊದಲು ಅದರಲ್ಲಿ ಹೆಚ್ಚುವರಿ ಮದ್ದು ಸಿಡಿಸಿ ನಳಿಗೆ ತಾಳುವುದೋ ಇಲ್ಲವೋ ಎಂದು ಪರೀಕ್ಷಿಸುವ ಸಂಸ್ಥೆಗಳು ತಮ್ಮ ಮುದ್ರೆಗಳನ್ನು ಅಲ್ಲಿ ಒತ್ತುತ್ತವೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಲ್ಲಿ ಸ್ಥಾಪಿತವಾದದ್ದು; ಲಿಯೇಜಿನ ಮುದ್ರೆಯಾದರೆ ಅಂಡಾಕಾರದ ಗೆರೆಯೊಳಗಿನ ಇ.ಎಲ್.ಜಿ. ಎಂಬ ಮೂರು ಅಕ್ಷರಗಳು. ಅಲ್ಲಿಯೇ ಕಾಣುವ 12 ಎಂಬ ಅಂಕಿ ನಳಿಗೆಯ ಅಗಲವನ್ನು ಸೂಚಿಸುತ್ತದೆ: ಆ ನಳಿಗೆಗೆ ಸರಿಯಾಗಿ ಕೂರುವ ಸೀಸದ ಉಂಡೆಗಳು ಹನ್ನೆರಡಾದರೆ ಒಂದು ಪೌಂಡ್ ತೂಗುತ್ತವೆಂಬುದು ಅದರ ಅರ್ಥ, ಮಿಲಿಮೀಟರಿನ ಲೆಕ್ಕದಲ್ಲಿ ಸುಮಾರು 18.5. ಒಂದು ಇಂಗ್ಲಿಷ್ ನಳಿಗೆಯ ಮೇಲೆ ‘ನಾಟ್ ಫಾರ್ ಬಾಲ್’, ಅಂದರೆ ಇದರಲ್ಲಿ ಒಂಟಿ ಉಂಡೆ ಹಾರಿಸಕೂಡದು, ಎಂಬ ಎಚ್ಚರಿಕೆ ಇದ್ದರೆ ಅದು 1875 ಮತ್ತು 1887ರ ನಡುವಿನದೆಂದು, ಬಾಯಿಯ ಬಳಿ ಕಿರಿದಾಗಿಸಿದ ನಳಿಗೆಯೆಂದು ತಿಳಿಯಬಹುದು. ಮುದ್ರೆಗಳನ್ನು ಓದುವುದು ಕೇವಲ ಕುತೂಹಲದ ವಿಷಯವಲ್ಲ. ಬರೀ ಕರಿಮದ್ದಿಗೆಂದು ಪರೀಕ್ಷೆಯಾದ ನಳಿಗೆಯಲ್ಲಿ ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾರಿಸಿದರೆ ಅದು ಸಿಡಿದು ಹಿಡಿದವರ ಎಡಗೈಯನ್ನೇ ಕೊಂಡೊಯ್ಯಬಹುದು. 65 ಮಿಲಿಮೀಟರಿನ ತೋಟಾಕ್ಕೆಂದು ಕೊರೆದ ಹಳೆಯ ಗೂಡಿಗೆ 70 ಮಿಲಿಮೀಟರಿನ ಹೊಸ ತೋಟಾ ಎಷ್ಟೋ ಸಲ ಅಡ್ಡಿಯಿಲ್ಲದೆ ಇಳಿದುಬಿಡುತ್ತದೆಂಬುದು ಇನ್ನೂ ದೊಡ್ಡ ಅಪಾಯ.

ನಳಿಗೆಯ ಮೇಲಿನ ತುಕ್ಕು ಸರಿದ ಕಡೆ ಹಾವಿನ ಪೊರೆಯಂಥ ಸುರುಳಿ ಸುರುಳಿ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಕಂಬಿಗಳನ್ನು ಹುರಿಯಂತೆ ಹೊಸೆದು, ಆ ಹುರಿಯನ್ನು ಒಂದು ಸಲಾಕೆಯ ಸುತ್ತ ಸುತ್ತಿ, ಕಾಯಿಸಿ ಬಡಿದು ಒಂದಾಗಿಸಿದ ಕೊಳವೆ ಅದು. ಕನ್ನಡಿಗರಿಗೆ ಈ ಹೆಸರಿನಲ್ಲಿ ವಿಶೇಷ ಆಸಕ್ತಿ ಇರಬೇಕಾದದ್ದು ಸಹಜ, ಏಕೆಂದರೆ ಡಮಾಸ್ಕಸ್ ಕತ್ತಿಗಳಿಗೆ ಕೀರ್ತಿ ತಂದ ದಕ್ಷಿಣ ಭಾರತದ ಮೂಸೆಯುಕ್ಕಿಗೆ ಯುರೋಪಿನಲ್ಲಿ ಬಳಕೆಯಾದ ‘ವೂಟ್ಸ್’ ಎಂಬ ಮಾತು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಎರಡೂ ಒಂದೇ ಅಲ್ಲ: ಮೂಸೆಯುಕ್ಕಿನ ಗೆರೆಗಳು ಲೋಹ ಕರಗಿ ತಣಿಯುವಾಗ ಒಳಗಿನಿಂದಲೇ ಮೂಡುವಂಥವು, ಬಂದೂಕಿನ ನಳಿಗೆಯ ಗೆರೆಗಳು ಬೆಸುಗೆಯಿಂದ ಹುಟ್ಟುವಂಥವು. ಆ ನೂರಾರು ಬೆಸುಗೆಗಳ ಸಂದಿಯಲ್ಲಿ ಎಲ್ಲಾದರೂ ತೇವ ಹೊಕ್ಕು ಒಳಗೇ ಕೊರೆಯುತ್ತಿದ್ದರೆ ಹೊರಗಿನಿಂದ ಅದರ ಸುಳಿವು ಸಿಗುವುದಿಲ್ಲ.

ಒಳಗೋಡೆಯ ಗುಳಿಗಳಿಗೆ ಮುಖ್ಯ ಕಾರಣ ಉಪ್ಪು. ಹಳೆಯ ತೋಟಾಗಳ ಸಿಡಿಬಟ್ಟಲಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯೊಳಗೆ ಅಂಟಿಕೊಂಡು, ಗಾಳಿಯ ತೇವವನ್ನು ಹೀರಿ ಉಕ್ಕನ್ನು ಕೊರೆಯುತ್ತದೆ. ಅದು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಬರೀ ಎಣ್ಣೆ ಸವರಿ ಗೋಡೆಗೆ ತೂಗುಹಾಕಿದ ಬಂದೂಕುಗಳ ನಳಿಗೆಗಳು ಸಿಡುಬಿನ ಕಲೆಯಂತಾಗಿರುವುದೂ, ಕುದಿನೀರು ಸುರಿದು ತೊಳೆದು ಒಣಗಿಸಿ ಎಣ್ಣೆ ಹಚ್ಚಿದವು ಉಳಿದುಕೊಂಡಿರುವುದೂ ಈ ಕಾರಣದಿಂದಲೇ. ನಳಿಗೆಗಳು ಗಟ್ಟಿಯಾಗಿವೆಯೇ ಎಂದು ತಿಳಿಯಲು ಅವನ್ನು ಬಿಡಿಸಿ, ಬುಡದ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಗಿಣ್ಣಿನಿಂದ ಮೆಲ್ಲಗೆ ತಟ್ಟಬೇಕು. ಬೆಸುಗೆ ಸರಿಯಿದ್ದರೆ ದೇವರ ಮನೆಯ ಗಂಟೆಯಂಥ ನಾದ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ, ನಡುಪಟ್ಟಿ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ. ಇಷ್ಟಕ್ಕೇ ತೃಪ್ತರಾಗದೆ ನಳಿಗೆಯ ಗೋಡೆಯ ದಪ್ಪವನ್ನು ಉದ್ದಕ್ಕೂ, ಸುತ್ತಲೂ ಉಪಕರಣದಿಂದ ಅಳೆಯಬೇಕು. ಗಣಿಯ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸಗಾರರನ್ನು ಪಾತಾಳಕ್ಕಿಳಿಸುವ ಪಂಜರದ ಉಕ್ಕಿನ ಹಗ್ಗವನ್ನು ಅವರು ಹೊರಗಿನ ಹೊಳಪು ನೋಡಿ ಎಂದೂ ನಂಬಿದವರಲ್ಲ, ತುಂಡು ಕತ್ತರಿಸಿ ಪರೀಕ್ಷಿಸಿ ನಂಬಿದವರು.

ನಳಿಗೆಯ ಬುಡ ಮತ್ತು ಅದು ಒರಗುವ ಉಕ್ಕಿನ ಗೋಡೆಯ ನಡುವೆ ಕೀಲು ಸವೆದು ಸಂದು ಬಿದ್ದಿದ್ದರೆ ಅದನ್ನು ಕೂಡಿಸುವ ಕೆಲಸ ಪರಿಣತ ಫಿಟ್ಟರ್‌ನದು. ಚಿಮಣಿ ದೀಪದ ಮಸಿಯನ್ನು ಒಂದು ಮುಖಕ್ಕೆ ಹಿಡಿಸಿ, ಬಂದೂಕನ್ನು ಮುಚ್ಚಿ ತೆರೆದು, ಮಸಿ ಅಂಟಿದ ಎತ್ತರದ ಜಾಗವನ್ನಷ್ಟೇ ಅರದಿಂದ ಒಂದೆರಡು ಎಳೆ ತೆಗೆದು, ಮತ್ತೆ ಮಸಿ ಹಿಡಿಸಿ ನೋಡುವ ಈ ವಿಧಾನದಲ್ಲಿ ಆತುರಕ್ಕೆ ಎಡೆಯೇ ಇಲ್ಲ.

ಕೆತ್ತನೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಬಂದೂಕನ್ನು ಅಲಂಕರಿಸುವುದು ಈ ನೆಲಕ್ಕೆ ಹೊಸದಾಗಿರಲಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಾಡಿಸಿದ ಬಂದೂಕುಗಳಲ್ಲಿ ಹುಲಿಮೊಗದ ಕೆಲಸವೂ ಹುಲಿಪಟ್ಟೆಯ ವಿನ್ಯಾಸವೂ ಇದ್ದು, 1799ರ ನಂತರ ಅವು ಬ್ರಿಟನ್ನಿನ ಸಂಗ್ರಹಗಳಿಗೆ ಸಾಗಿಹೋದವು. ಇಂಗ್ಲಿಷ್ ಜೋಡುನಳಿಗೆಯ ಅಲಂಕಾರ ಬೇರೆ ಬಗೆಯದು: ಗುಲಾಬಿ ಗೊಂಚಲು, ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ಬಳ್ಳಿಸುರುಳಿ, ನಡುವೆ ಹಾರುವ ಹಕ್ಕಿ ಅಥವಾ ಮೂಸುತ್ತ ನಿಂತ ನಾಯಿ. ಕೆತ್ತನೆಗಾರ ಇದನ್ನು ಮೆತುವಾದ ಉಕ್ಕಿನ ಮೇಲೆ ಸಣ್ಣ ಉಳಿಯಿಂದ ಕೊರೆಯುತ್ತಾನೆ. ಅನಂತರ ಆ ಭಾಗವನ್ನು ಮೂಳೆ ಮತ್ತು ಚರ್ಮದ ಇದ್ದಿಲಿನ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಮುಚ್ಚಿ, ಕೆಂಪಗೆ ಕಾಯಿಸಿ, ನೀರಿಗೆ ಅದ್ದುತ್ತಾರೆ. ಇದ್ದಿಲಿನ ಇಂಗಾಲ ಮೇಲ್ಮೈಗೆ ಇಳಿದು ಚರ್ಮದಷ್ಟು ತೆಳುವಾದ ಗಟ್ಟಿ ಪದರವಾಗುತ್ತದೆ, ಜೊತೆಗೆ ನೀಲಿ, ಕಂದು, ಬೂದು ಬಣ್ಣಗಳ ಮೋಡದಂಥ ಛಾಯೆ ಮೂಡುತ್ತದೆ. ಕೈ ಸವರಿ ಸವರಿ ಮೊದಲು ಹೋಗುವುದು ಈ ಬಣ್ಣ, ಆಮೇಲೆ ಬಳ್ಳಿಯ ನವಿರು ಗೆರೆಗಳು, ಕೊನೆಗೆ ಉಳಿಯುವುದು ನಾಯಿಯ ಹೊಟ್ಟೆಯ ಕೆಳಗಿನ ಆಳವಾದ ನೆರಳಿನ ಗೀಟು ಮಾತ್ರ. ಬಂದೂಕನ್ನು ನಡುವಿನಲ್ಲಿ ಹಿಡಿದು ಹೊತ್ತ ಜಾಗ ಬೋಳಾಗಿರುತ್ತದೆ, ತಿರುಪಿನ ಅಂಚು, ಸನ್ನೆಯ ಮೂಲೆಗಳಲ್ಲಿ ಕೆತ್ತನೆ ಹೊಸದರಂತೆಯೇ ಉಳಿದಿರುತ್ತದೆ. ಹೊತ್ತವರ ಕೈ ಎಲ್ಲಿತ್ತೆಂಬುದನ್ನು ಈ ಸವೆತವೇ ತೋರಿಸಿಕೊಡುತ್ತದೆ.

ಇಂಥ ಲೋಹಕ್ಕೆ ಮಾಡಬೇಕಾದದ್ದು ಬಹಳ ಕಡಿಮೆ. ಸೀಮೆಎಣ್ಣೆಯಲ್ಲಿ ನೆನೆಸಿ, ಮೆದು ಕುಂಚದಿಂದ ಗೆರೆಗಳೊಳಗಿನ ಜಿಡ್ಡನ್ನು ಬಿಡಿಸಿ, ಉಕ್ಕಿಗಿಂತ ಮೆತುವಾದ ಹಿತ್ತಾಳೆ ಅಥವಾ ತಾಮ್ರದ ಚೂಪಿನಿಂದ ಕೆಂಪು ತುಕ್ಕನ್ನಷ್ಟೇ ಎಬ್ಬಿಸಬೇಕು; ಕೆಳಗಿನ ಸ್ಥಿರವಾದ ಕಂದು ಪದರ ಹಾನಿಕರವಲ್ಲ, ಅದನ್ನು ಬಿಡಬೇಕು. ಸವೆದ ಗೆರೆಗಳನ್ನು ಮತ್ತೆ ಉಳಿಯಿಂದ ಆಳಗೊಳಿಸುವ ಪದ್ಧತಿಯೂ ಇದೆ. ಆದರೆ ಗಟ್ಟಿ ಪದರವನ್ನು ಮೊದಲು ಕಾಯಿಸಿ ಮೆತ್ತಗೆ ಮಾಡದೆ ಅದು ಸಾಧ್ಯವಿಲ್ಲ, ಮತ್ತೆ ಗಟ್ಟಿಗೊಳಿಸುವಾಗ ಭಾಗವೇ ಸೊಟ್ಟಗಾಗುವ ಅಪಾಯವಿದೆ, ಎಲ್ಲಕ್ಕೂ ಮೇಲಾಗಿ ಹೊಸ ಗೆರೆ ಹೊಸ ಕೈಯದು. ಮೂಲ ಚಿತ್ರಕ್ಕೆ ಬಲವಾದ ಆಧಾರವಿಲ್ಲದಾಗ ನಾಯಿಯ ಹೋದ ಮುಖವನ್ನು ಊಹೆಯಿಂದ ಕೆತ್ತುವುದಕ್ಕಿಂತ ಮುಖವಿಲ್ಲದ ನಾಯಿಯನ್ನೇ ಉಳಿಸುವುದು ಮೇಲು.

ತಿರುಪುಗಳ ಬಗ್ಗೆ ಒಂದು ಮಾತು ಅಗತ್ಯ. ಉತ್ತಮ ಬಂದೂಕಿನ ತಿರುಪಿನ ಸೀಳು ಕಾಗದದಷ್ಟು ಕಿರಿದಾಗಿದ್ದು, ಎಲ್ಲ ಸೀಳುಗಳೂ ನಳಿಗೆಯ ಉದ್ದಕ್ಕೆ ಸಮಾನಾಂತರವಾಗಿ ನಿಂತಿರುತ್ತವೆ. ಅಂಗಡಿಯ ಸ್ಕ್ರೂಡ್ರೈವರ್ ಅದರೊಳಗೆ ಹೋಗದು, ಬಲವಂತ ಮಾಡಿದರೆ ಅಂಚು ಕಿತ್ತು ಕೆತ್ತನೆಯೂ ಹರಿಯುತ್ತದೆ. ಪ್ರತಿ ತಿರುಪಿಗೂ ಹೊಂದುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಸಾಣೆ ಹಿಡಿದುಕೊಂಡ ಮೇಲೆಯೇ ಕೈ ಹಾಕಬೇಕು.

ಮರದ ಹಿಡಿ ಸಾಮಾನ್ಯವಾಗಿ ಅಕ್ರೋಟ್ ಮರದ್ದು. ಅತಿಯಾಗಿ ಎಣ್ಣೆ ಕುಡಿದು ಕಪ್ಪಾದ ಭಾಗಕ್ಕೆ ಸೀಮೆಸುಣ್ಣದ ಪುಡಿಯ ಲೇಪ ಹಾಕಿದರೆ ಎಣ್ಣೆ ಹೊರಬರುತ್ತದೆ, ತಗ್ಗಾದ ಕಡೆ ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಅದುಮಿದ ನಾರುಗಳು ಉಬ್ಬಿ ಮೇಲೇಳುತ್ತವೆ. ಅನಂತರ ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ದಿನ ತಿಕ್ಕಿದರೆ ಸಾಕು. ನಳಿಗೆಗೆ ಮತ್ತೆ ಕಪ್ಪು ಏರಿಸಲೇಬೇಕಾದರೆ ಕುದಿಯುವ ಕ್ಷಾರದ ದ್ರಾವಣದಲ್ಲಿ ಮುಳುಗಿಸುವ ಕಾರ್ಖಾನೆ ವಿಧಾನವನ್ನು ಬಳಸಲೇಬಾರದು, ಅದು ನಡುಪಟ್ಟಿಯನ್ನು ಹಿಡಿದಿರುವ ಸೀಸ-ತವರದ ಬೆಸುಗೆಯನ್ನು ತಿಂದುಹಾಕುತ್ತದೆ. ತೆಳುವಾಗಿ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ ಆ ಕೆಂಪು ತುಕ್ಕನ್ನು ಕಪ್ಪು ಆಕ್ಸೈಡ್ ಆಗಿಸಿ, ಕುಂಚದಿಂದ ಉಜ್ಜಿ, ಮತ್ತೆ ತುಕ್ಕು ಹಿಡಿಸುವ ಹಳೆಯ ಕ್ರಮವೇ ಸರಿ. ಕೋಲಾರದ ಬೇಸಿಗೆಯ ಒಣಗಾಳಿಯಲ್ಲಿ ತುಕ್ಕು ಸಮನಾಗಿ ಹಿಡಿಯಬೇಕಾದರೆ ತೇವದ ಪೆಟ್ಟಿಗೆಯೊಂದನ್ನು ಮಾಡಿಕೊಳ್ಳಬೇಕಾಗುತ್ತದೆ.

ಈ ಕೆಲಸಗಳನ್ನು ಮಾಡಬಲ್ಲ ಕೈಗಳು ಈ ಸೀಮೆಯಲ್ಲಿ ಅಪರೂಪವಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಯೂ, 1964ರಲ್ಲಿ ಹುಟ್ಟಿದ ಬೆಮೆಲ್ ಕಾರ್ಖಾನೆಯೂ ಅರ ಮತ್ತು ಲೇತಿನ ವಿದ್ಯೆಯನ್ನು ಇಲ್ಲಿ ಬೆಳೆಸಿವೆ. ಆದರೆ ಕೈಚಳಕವೊಂದೇ ಸಾಲದು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕನ್ನು ಇಟ್ಟುಕೊಳ್ಳುವುದಕ್ಕೆ ಹೇಗೋ ಹಾಗೆಯೇ ವ್ಯಾಪಾರವಾಗಿ ಅದನ್ನು ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕು. ಪ್ರಾಚೀನವೆಂಬ ಕಾರಣದಿಂದ ಕಾಯಿದೆಯಿಂದ ಹೊರಗುಳಿಯುವುದು, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಆಯುಧ ಮಾತ್ರ. ಅಜ್ಜನ ಕಾಲದ ಬಂದೂಕು ಅಟ್ಟದ ಮೇಲೆ ಸಿಕ್ಕಿದರೆ ಅದನ್ನು ಮೊದಲು ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿ ಪಡೆದ ವ್ಯಾಪಾರಿಯಲ್ಲಾಗಲಿ ಠೇವಣಿ ಇಟ್ಟು, ಆಮೇಲೆ ಪರವಾನಗಿಗೆ ಅರ್ಜಿ ಹಾಕುವುದು ಕ್ರಮ. ನೂರು ವರ್ಷ ದಾಟಿದ ಕರಕುಶಲ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯಿದೆಯೂ ಗಮನದಲ್ಲಿರಬೇಕು, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

ಕೆಲಸ ಮುಗಿದ ಬಂದೂಕಿನ ಗುಳಿಬಿದ್ದ ನಳಿಗೆಯಲ್ಲಿ ಮತ್ತೆ ಎಂದೂ ತೋಟಾ ಸಿಡಿಸದಿರುವುದೇ ವಿವೇಕ. ಅದನ್ನು ಚರ್ಮದ ಚೀಲದಲ್ಲಿ ಇಡಬಾರದು, ಚರ್ಮ ತೇವವನ್ನು ಹಿಡಿದಿಡುತ್ತದೆ. ಬರಿಗೈಯ ಬೆವರು ತಾಗಿದಾಗಲೆಲ್ಲ ತೆಳುವಾಗಿ ಎಣ್ಣೆ ಒರೆಸಬೇಕು. ಯಾವ ತಿರುಪು ಬದಲಾಯಿತು, ಎಲ್ಲಿ ಬೆಸುಗೆ ಬಿತ್ತು, ಯಾವ ಗೆರೆಯನ್ನು ಮುಟ್ಟದೆ ಬಿಡಲಾಯಿತು ಎಂಬುದನ್ನು ಕೆಲಸಕ್ಕೆ ಮುಂಚಿನ ಛಾಯಾಚಿತ್ರಗಳ ಸಮೇತ ಬರೆದು, ಆ ಹಾಳೆಯನ್ನು ಪರವಾನಗಿ ಪುಸ್ತಕದ ಜೊತೆಯಲ್ಲಿಯೇ ಇಡಬೇಕು.