ನಿಮಗಿದು ಗೊತ್ತೆ? ಪತ್ರಿಕಾ ಕಚೇರಿಯಿಂದ ಅಧ್ಯಕ್ಷ ಪದವಿಗೆ

ಫ್ರಾನ್ಸ್‌ನ ಮೂರನೇ ಗಣರಾಜ್ಯದ ಮೊದಲ ಅಧ್ಯಕ್ಷ ಅಡಾಲ್ಫ್ ತಿಯೇರ್ ರಾಜಕೀಯಕ್ಕೆ ಬಂದದ್ದು ಲೇಖನಿ ಹಿಡಿದೇ. 1797ರಲ್ಲಿ ಮಾರ್ಸೇಲ್‌ನಲ್ಲಿ ಹುಟ್ಟಿ, ಕಾನೂನು ಓದಿ, 1821ರಲ್ಲಿ ಪ್ಯಾರಿಸ್ ಸೇರಿದ ಅವರು ಪತ್ರಿಕೆಗಳಿಗೆ ಬರೆಯತೊಡಗಿದರು. ಮೂವತ್ತರ ವಯಸ್ಸಿಗೆಲ್ಲ ಫ್ರೆಂಚ್ ಕ್ರಾಂತಿಯ ಇತಿಹಾಸವನ್ನು 10 ಸಂಪುಟಗಳಲ್ಲಿ ಬರೆದು ಮುಗಿಸಿದ್ದರು!

1830ರ ಜನವರಿಯಲ್ಲಿ ಗೆಳೆಯರ ಜೊತೆಗೂಡಿ 'ಲೆ ನಾಸಿಯೋನಾಲ್' ಪತ್ರಿಕೆ ಆರಂಭಿಸಿದರು. ಅದೇ ಜುಲೈನಲ್ಲಿ ದೊರೆ ಹತ್ತನೇ ಚಾರ್ಲ್ಸ್ ಸುಗ್ರೀವಾಜ್ಞೆ ಹೊರಡಿಸಿ ಪತ್ರಿಕೆಗಳ ಬಾಯಿ ಕಟ್ಟಿದ. ಈ ಪತ್ರಿಕೆಯ ಕಚೇರಿಯಲ್ಲೇ ಪ್ರತಿಭಟನಾ ಪತ್ರ ಸಿದ್ಧವಾಯಿತು. ಅದರ ಕರಡು ಬರೆದವರಲ್ಲಿ ತಿಯೇರ್ ಪ್ರಮುಖರು. ಸಹಿ ಹಾಕಿದ ಪತ್ರಕರ್ತರು 44 ಮಂದಿ. ಮರುದಿನ ಪೊಲೀಸರು ಮುದ್ರಣಾಲಯಕ್ಕೆ ನುಗ್ಗಿದರು. ಬೀದಿಗಳಲ್ಲಿ ದಂಗೆ ಎದ್ದಿತು. ಕೆಲವೇ ದಿನಗಳಲ್ಲಿ ದೊರೆ ಸಿಂಹಾಸನ ಬಿಟ್ಟ.

ತಿಯೇರ್ 1836 ಮತ್ತು 1840ರಲ್ಲಿ ಪ್ರಧಾನಿಯಾದರು. ಅಧಿಕಾರ ಹೋದಾಗ ಮತ್ತೆ ಇತಿಹಾಸಕ್ಕೇ ಮರಳಿದರು. ನೆಪೋಲಿಯನ್ ಕಾಲವನ್ನು ಕುರಿತ ಅವರ ಕೃತಿ 20 ಸಂಪುಟಗಳಷ್ಟಾಯಿತು.

1871ರಲ್ಲಿ ಪ್ರಷ್ಯಾ ಎದುರು ಸೋತ ದೇಶದ ಚುಕ್ಕಾಣಿ ಅವರ ಕೈಗೆ ಬಂತು. ರಾಜಧಾನಿಯ ಆಡಳಿತ ಹಿಡಿದಿದ್ದ ಪ್ಯಾರಿಸ್ ಕಮ್ಯೂನ್‌ನ ಬಂಡಾಯವನ್ನು ಅವರ ಸರ್ಕಾರ ನಿರ್ದಯವಾಗಿ ಹತ್ತಿಕ್ಕಿತು. ಸಾವಿರಾರು ಜನ ಸತ್ತರು. ಆ ಕಳಂಕ ಅವರ ಹೆಸರಿಗೆ ಅಂಟಿಕೊಂಡೇ ಇದೆ. ಇತ್ತ ಪ್ರಷ್ಯಾ ನೇತೃತ್ವದ ಜರ್ಮನಿಗೆ ಕೊಡಬೇಕಿದ್ದ 500 ಕೋಟಿ ಫ್ರಾಂಕ್ ಯುದ್ಧ ಪರಿಹಾರವನ್ನು ಫ್ರಾನ್ಸ್ ಗಡುವಿಗೆ ಮುನ್ನವೇ ತೀರಿಸಲು ಸಾಲ ಎತ್ತಿ ಏರ್ಪಾಡು ಮಾಡಿದವರೂ ಅವರೇ. 1873ರ ಮೇ 24ರಂದು ರಾಜೀನಾಮೆ ನೀಡಿದರು.

ಕಮ್ಯೂನ್ ಆಡಳಿತ ಸೇಡಿಗಾಗಿ ಕೆಡವಿಸಿದ್ದ ಅವರ ಪ್ಯಾರಿಸ್ ಮನೆಯನ್ನು ಸರ್ಕಾರದ ಹಣದಲ್ಲಿ ಮತ್ತೆ ಕಟ್ಟಲಾಯಿತು. ಈಗ ಅಲ್ಲಿರುವುದು ಇತಿಹಾಸ ಗ್ರಂಥಗಳ ಗ್ರಂಥಾಲಯ.