ಗಡ್ಡೆ ಒಂದೇ, ಸಲಹೆ ಎರಡೇಕೆ?

ಬೇರಾವುದೋ ತೊಂದರೆಗೆಂದು ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಮೇದೋಜೀರಕ ಗ್ರಂಥಿಯ ಮೇಲೆ ಸಣ್ಣದೊಂದು ಗಡ್ಡೆ ಕಾಣಿಸುತ್ತದೆ. ಒಂದು ಆಸ್ಪತ್ರೆಯವರು ‘ಕೂಡಲೇ ತೆಗೆಯಬೇಕು’ ಎನ್ನುತ್ತಾರೆ. ಇನ್ನೊಂದು ಆಸ್ಪತ್ರೆಯಲ್ಲಿ ‘ಆರು ತಿಂಗಳ ನಂತರ ಮತ್ತೆ ನೋಡೋಣ’ ಎಂಬ ಉತ್ತರ ದೊರೆಯುತ್ತದೆ. ಯಾರ ಮಾತನ್ನು ನಂಬಬೇಕೆಂಬ ಸಂಕಟ ಮನೆಯವರದು. ಆದರೆ ಇಬ್ಬರಲ್ಲಿ ಒಬ್ಬರು ತಪ್ಪೆಂದು ಭಾವಿಸಬೇಕಾಗಿಲ್ಲ.

ಮೇದೋಜೀರಕದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಅಡಿನೊಕಾರ್ಸಿನೋಮ ಎಂಬ ಮಾರಕ ಬಗೆಯವು. ಉಳಿದ ಅಪರೂಪದ ಗಡ್ಡೆಗಳ ಸ್ವಭಾವವೇ ಬೇರೆ. ಹೆಚ್ಚಾಗಿ ಯುವತಿಯರಲ್ಲಿ ಕಾಣುವ ಸಾಲಿಡ್ ಸ್ಯೂಡೋಪ್ಯಾಪಿಲರಿ ಗಡ್ಡೆಯು ಪೂರ್ಣವಾಗಿ ತೆಗೆದರೆ ಬಹುತೇಕ ಗುಣವಾಗುತ್ತದೆ. ಇನ್ಸುಲಿನ್ ಸ್ರವಿಸಿ ರಕ್ತದ ಸಕ್ಕರೆಯನ್ನು ಕುಗ್ಗಿಸುವ ಇನ್ಸುಲಿನೋಮ ಸಾಮಾನ್ಯವಾಗಿ ನಿರುಪದ್ರವಿ ಬಗೆಯದಾದರೂ ಅದನ್ನು ತೆಗೆಯುವುದೇ ಪರಿಹಾರ. ಇವೆರಡರಲ್ಲಿ ವೈದ್ಯರ ನಡುವೆ ಭಿನ್ನಾಭಿಪ್ರಾಯ ಕಡಿಮೆ.

ಗೊಂದಲ ಹುಟ್ಟುವುದು ಯಾವ ಹಾರ್ಮೋನಿನ ಲಕ್ಷಣವನ್ನೂ ತೋರದ ನ್ಯೂರೋಎಂಡೋಕ್ರೈನ್ ಗಡ್ಡೆಯಲ್ಲಿ. ಅದು 2 ಸೆಂ.ಮೀ. ಮೀರದೆ, ನಿಧಾನವಾಗಿ ಬೆಳೆಯುವ ಬಗೆಯದಾಗಿದ್ದರೆ ನಿಗಾ ಇಟ್ಟು ಕಾಯಬಹುದೆಂದು ಯುರೋಪಿನ ತಜ್ಞರ ಸಂಘ 2016ರ ಮಾರ್ಗಸೂಚಿಯಲ್ಲಿ ತಿಳಿಸಿತು. ಬೆಳವಣಿಗೆಯ ವೇಗವನ್ನು ಅಳೆಯುವುದು ಬಯಾಪ್ಸಿಯಲ್ಲಿ ದೊರೆಯುವ ಕೆಐ-67 ಸೂಚ್ಯಂಕ. ಅದು ಶೇ 3ಕ್ಕಿಂತ ಕಡಿಮೆಯಿದ್ದರೆ ಮೊದಲ ದರ್ಜೆ, ಶೇ 20 ಮೀರಿದರೆ ಉಗ್ರವಾದ ಮೂರನೆಯ ದರ್ಜೆ. ಗಡ್ಡೆ ಸಣ್ಣದಾದರೂ ಪ್ರಧಾನ ನಾಳವನ್ನು ಒತ್ತುತ್ತಿದ್ದರೆ ಕಾಯುವುದು ಸರಿಯಲ್ಲ.

ಗಡ್ಡೆಯಿರುವ ಸ್ಥಳವೂ ಅಷ್ಟೇ ಮುಖ್ಯ. ಗ್ರಂಥಿಯ ಬಾಲದಲ್ಲಿದ್ದರೆ ಆ ತುದಿಯನ್ನು, ಕೆಲವೊಮ್ಮೆ ಗುಲ್ಮದೊಡನೆ, ತೆಗೆಯುತ್ತಾರೆ. ತಲೆಭಾಗದಲ್ಲಿದ್ದರೆ ಅಮೆರಿಕದ ಅಲೆನ್ ವಿಪಲ್ 1935ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯ ಸುಧಾರಿತ ರೂಪ ಬೇಕಾಗಬಹುದು. ಅದರಲ್ಲಿ ಸಣ್ಣ ಕರುಳಿನ ಆರಂಭದ ಭಾಗ, ಪಿತ್ತಕೋಶ, ಪಿತ್ತನಾಳದ ಒಂದಂಶ ಎಲ್ಲವೂ ಹೋಗುತ್ತವೆ. ಉಳಿದ ಗ್ರಂಥಿಯನ್ನು ಕರುಳಿಗೆ ಹೊಲಿದ ಜಾಗದಲ್ಲಿ ಜೀರ್ಣರಸ ಸೋರುವುದೇ ದೊಡ್ಡ ಭಯ. ಮುಂದೆ ಮಧುಮೇಹವೂ ಬರಬಹುದು. ನಿಧಾನಗತಿಯ ಸಣ್ಣ ಗಡ್ಡೆಗೆ ಇಷ್ಟು ಬೆಲೆ ತೆರಬೇಕೇ ಎಂಬುದೇ ವೈದ್ಯರ ಮುಂದಿರುವ ಪ್ರಶ್ನೆ.

ಆ ಬೆಲೆ ಎಲ್ಲ ಆಸ್ಪತ್ರೆಗಳಲ್ಲಿ ಒಂದೇ ಅಲ್ಲ. ಅಮೆರಿಕದ ಹಿರಿಯ ನಾಗರಿಕರ 1994ರಿಂದ 1999ರವರೆಗಿನ ದಾಖಲೆಗಳನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೇದೋಜೀರಕದ ಶಸ್ತ್ರಕ್ರಿಯೆ ತೀರ ವಿರಳವಾಗಿ ನಡೆಯುವ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇ 16.3 ಇದ್ದರೆ, ಅತಿ ಹೆಚ್ಚು ನಡೆಯುವ ಕಡೆ ಶೇ 3.8 ಇತ್ತು. ಇಂದು ಸಾವುಗಳು ಕಡಿಮೆಯಾಗಿದ್ದರೂ ಅನುಭವದ ಮಹತ್ವ ಕುಗ್ಗಿಲ್ಲ. ನೆದರ್ಲೆಂಡ್ಸ್ 2011ರಲ್ಲಿ ಇಂಥ ಆಸ್ಪತ್ರೆಗಳಿಗೆ ವರ್ಷಕ್ಕೆ ಕನಿಷ್ಠ 20 ಶಸ್ತ್ರಕ್ರಿಯೆಗಳ ಮಿತಿಯನ್ನು ನಿಗದಿಪಡಿಸಿತು.

ಆದ್ದರಿಂದ ಎರಡನೆಯ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಮಾಡುವ ಅಗೌರವವಲ್ಲ. ಹೋಗುವಾಗ ವರದಿಯ ಹಾಳೆ ಮಾತ್ರ ಸಾಲದು, ಸ್ಕ್ಯಾನಿಂಗ್‌ನ ಸಿ.ಡಿ., ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕುಗಳನ್ನೂ ಒಯ್ಯಬೇಕು. ಗಡ್ಡೆ ಯಾವ ಬಗೆ, ಯಾವ ದರ್ಜೆ, ನಾಳಕ್ಕೆ ಎಷ್ಟು ಹತ್ತಿರ, ಈ ಶಸ್ತ್ರಕ್ರಿಯೆ ಇಲ್ಲಿ ವರ್ಷಕ್ಕೆ ಎಷ್ಟು ನಡೆಯುತ್ತದೆ ಎಂದು ನೇರವಾಗಿ ಕೇಳಬೇಕು.

ಕಾಯುವ ನಿರ್ಧಾರವಾದರೆ ಮುಂದಿನ ಸ್ಕ್ಯಾನಿಂಗ್‌ನ ದಿನಾಂಕವನ್ನು ಅಂದೇ ಬರೆಸಿಕೊಳ್ಳುವುದು ಒಳಿತು. ಕಾಯುವುದೆಂದರೆ ಮರೆತುಬಿಡುವುದಲ್ಲ, ಅದೂ ಒಂದು ಚಿಕಿತ್ಸಾಕ್ರಮವೇ.