ಹಳೆಯ ಕೌದಿ, ಹೊಸ ಕೈಚೀಲ

ಹಲವರ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಒಂದು ಹಳೆಯ ಕೌದಿ ಇರುತ್ತದೆ. ಹೊದೆಯಲು ಬಾರದಷ್ಟು ಹರಿದಿದೆ, ಎಸೆಯಲು ಮನಸ್ಸಿಲ್ಲ. ಅದರ ಗಟ್ಟಿ ಭಾಗದಿಂದ ಚೆಂದದ ಕೈಚೀಲ ಹೊಲಿಯಬಹುದು. ಪದರ ಕೂಡಿಸಿ ಸಾಲುಸಾಲಾಗಿ ಹೊಲಿಯುವ ದೊಡ್ಡ ಕೆಲಸವನ್ನು ಯಾವ ಕಾಲದಲ್ಲೋ ಒಬ್ಬ ಅಜ್ಜಿ ಮುಗಿಸಿಟ್ಟಿದ್ದಾಳೆ. ನಮಗೆ ಉಳಿದದ್ದು ಎರಡು ಮಧ್ಯಾಹ್ನದ ಕೆಲಸ.

ಮಕ್ಕಳೇ, ಮೊದಲು ಕೌದಿಯನ್ನು ಸರಿಯಾಗಿ ನೋಡಿ. ಮೇಲೆ ಕೆಳಗೆ ಹಳೆಯ ಸೀರೆ, ನಡುವೆ ಧೋತರ, ಚಿಂದಿ ಬಟ್ಟೆ. ಎಲ್ಲವನ್ನೂ ಹಿಡಿದಿಟ್ಟಿರುವುದು ಆ ಸಣ್ಣ ಸಣ್ಣ ಹೊಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ರೀತಿಯೇ ಬೇರೆ. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯ ಪುಟ್ಟ ಹೂ ಇಡುತ್ತಾರೆ.

ನಮ್ಮ ಅವ್ವನ ಕೌದಿಯಲ್ಲಿ ಸಾಲುಗಳು ನೇರ. ಅವಳ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಖಾಕಿ ಚಡ್ಡಿ, ತಂಗಿಯ ಹೂವಿನ ಲಂಗ ಎಲ್ಲವೂ ಅದರಲ್ಲಿವೆ. ನಡುಭಾಗ ಪೂರಾ ಜಾಳಾಗಿತ್ತು. ನಾನು ಕತ್ತರಿ ತಂದಾಗ ತಂಗಿ ಕೌದಿಯನ್ನೇ ಎಳೆದುಕೊಂಡಳು. "ಅವ್ವನ ಕೌದಿಗೆ ಕತ್ತರಿ ಹಾಕ್ತೀಯೇನಣ್ಣಾ?" ಎರಡು ದಿನ ಮಾತಿಲ್ಲ. ಮಡಿಚಿಟ್ಟ ಬಟ್ಟೆ ಮಡಿಕೆಯಲ್ಲೇ ಹರಿಯುತ್ತದೆ, ಉಳಿದದ್ದು ಇಲಿಗೆ ಎಂಬುದು ನನ್ನ ಲೆಕ್ಕ. ಅವ್ವನೂ ಸೀರೆ ಹರಿದಾಗ ಅದನ್ನು ಕತ್ತರಿಸಿಯೇ ಅಲ್ಲವೇ ಕೌದಿ ಮಾಡಿದ್ದು? ಮೂರನೆಯ ದಿನ ತಂಗಿಯೇ ಬಂದು, "ಲಂಗದ ತುಣುಕು ಇರೋ ಚೀಲ ನನಗ" ಎಂದಳು. ಒಪ್ಪಿದೆ.

ಒಗೆದು ಒಣಗಿಸಿದ ಕೌದಿಯನ್ನು ಬೆಳಕಿಗೆ ಹಿಡಿದರೆ ಜಾಳಾದ ಜಾಗ ತಿಳಿಯುತ್ತದೆ. ಅದನ್ನು ಬಿಟ್ಟು 14 ಇಂಚು ಅಗಲ, 30 ಇಂಚು ಉದ್ದಕ್ಕೆ ಗೆರೆ ಎಳೆಯಿರಿ. ಕತ್ತರಿ ಈಗಲೇ ಬೇಡ. ಗೆರೆಯ ಒಳಬದಿಗೆ ಸುತ್ತಲೂ ಮಷಿನ್ನಿನಲ್ಲಿ ಎರಡು ಸಾಲು ಹೊಲಿದ ಮೇಲೆಯೇ ಕತ್ತರಿಸಬೇಕು. ಇಲ್ಲದಿದ್ದರೆ ಹಳೆಯ ದಾರ ತುಂಡಾದಲ್ಲೆಲ್ಲ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ದಪ್ಪ ಬಟ್ಟೆಗೆ 16 ಅಥವಾ 18ನೇ ನಂಬರಿನ ಸೂಜಿ ಬೇಕು. ಮಷಿನ್ ಇಲ್ಲದವರು ದಾರಕ್ಕೆ ಮೇಣ ಸವರಿ ಕೈಯಲ್ಲೇ ಒತ್ತೊತ್ತಾಗಿ ಹೊಲಿಯಬಹುದು. ನಾವು ಬ್ಯಾಂಕಿನಲ್ಲಿ ದಿನದ ವೋಚರುಗಳನ್ನೆಲ್ಲ ದಬ್ಬಣದಿಂದ ಹೊಲಿದಿಡುತ್ತಿದ್ದೆವು. ಗಂಡಸರಿಗೆ ಸೂಜಿ ಹಿಡಿಯಲು ಬಾರದೆಂಬ ಮಾತನ್ನು ನಾನು ನಂಬುವುದಿಲ್ಲ. ಸೂಜಿಗೆ ದಾರ ಪೋಣಿಸುವ ಖಾತೆ ಮಾತ್ರ ಮೊಮ್ಮಕ್ಕಳದು.

30 ಇಂಚಿನ ಎರಡೂ ತುದಿಗಳಿಗೆ ಸೀರೆಯ ಅಂಚು ಮಡಚಿ ಹೊಲಿಯಿರಿ, ಅದೇ ಚೀಲದ ಬಾಯಿ. ಒಳಮೈ ಹೊರಗಿರುವಂತೆ ಅರ್ಧಕ್ಕೆ ಮಡಚಿ ಎರಡು ಪಕ್ಕ ಕೂಡಿಸಿ. ಕೆಳಗಿನ ಮೂಲೆಗಳನ್ನು ತ್ರಿಕೋನವಾಗಿ ಚಪ್ಪಟೆ ಮಾಡಿ, ತುದಿಯಿಂದ ಒಂದೂವರೆ ಇಂಚು ಒಳಗೆ ಅಡ್ಡ ಹೊಲಿಗೆ ಹಾಕಿದರೆ ಮೂರು ಇಂಚಿನ ತಳ ಬರುತ್ತದೆ. ಆಗ ಡಬ್ಬಿ ಓರೆಯಾಗದೆ ಕೂರುತ್ತದೆ.

ಹಿಡಿಕೆಗೆ ಕೌದಿಯ ಹಳೆ ಬಟ್ಟೆ ಬೇಡವೇ ಬೇಡ. ಭಾರವೆಲ್ಲ ಬೀಳುವುದು ಅಲ್ಲಿಯೇ. ಸವೆಯದ ಜೀನ್ಸ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ 22 ಇಂಚಿನ ಎರಡು ಪಟ್ಟಿ ಹೊಲಿಯಿರಿ. ಬಾಯಿಯಿಂದ ಮೂರು ಇಂಚು ಕೆಳಗಿನವರೆಗೂ ಪಟ್ಟಿ ಇಳಿಯಲಿ. ತುದಿಗೆ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಸಾಲು ಎಳೆಯಿರಿ.

ನಮ್ಮ ಕೌದಿಯಲ್ಲಿ ನಾಲ್ಕು ಚೀಲಗಳಾದವು: ಮೂರು ಮೊಮ್ಮಕ್ಕಳಿಗೆ, ಒಂದು ತಂಗಿಗೆ. ಇಳಕಲ್ ತುಣುಕು ಬಂದದ್ದು ಕೊನೆಯ ಮೊಮ್ಮಗನಿಗೆ. ಅವನು ಅದರಲ್ಲಿ ಕ್ರಿಕೆಟ್ ಚೆಂಡು ಒಯ್ಯುತ್ತಾನೆ. ಕೊಳೆಯಾದರೆ ಹಿಂಡಬೇಡಿ, ಒತ್ತಿ ನೀರು ತೆಗೆದು ಒಳಮೈ ಹೊರಗೆ ಮಾಡಿ ನೆರಳಲ್ಲಿ ಹರವಿ. ಪದರ ದಪ್ಪ, ಒಣಗಲು ಎರಡು ದಿನ ಬೇಕು.